ಬಿಚ್ಚಿ ನೋಡುವ ಹೃದಯದ ಮಾಡೆಲ್: ತಗೊಳ್ಳಿ, ಆದರೆ ಹಿಂಬದಿಯ ಬಣ್ಣ ನೋಡಿ ತಗೊಳ್ಳಿ

ನಾನು ಹತ್ತನೇ ಕ್ಲಾಸಿಗೆ ವಿಜ್ಞಾನ ಹೇಳುತ್ತೇನೆ. ಜೀವಕ್ರಿಯೆಗಳು ಪಾಠದಲ್ಲಿ ಹೃದಯದ ಚಿತ್ರ ಬರೆಸಿದರೆ ಮಕ್ಕಳು ಚೆಂದಾಗಿ ಬರೆಯುತ್ತಾರೆ, ಭಾಗಗಳ ಹೆಸರೂ ಹಾಕುತ್ತಾರೆ, ಆದರೆ ಚಿತ್ರದ ಎಡಗಡೆ ಇರುವುದಕ್ಕೆ ಬಲ ಹೃತ್ಕರ್ಣ (ಹೃದಯದ ಮೇಲಿನ ಕೋಣೆ) ಅಂತ ಯಾಕೆ ಹೆಸರು ಅಂದರೆ ಇಡೀ ಕ್ಲಾಸು ಸುಮ್ನೆ ಕೂರುತ್ತದೆ. ಅದಕ್ಕೇ ಈ ಸಲ ಆನ್‌ಲೈನ್‌ನಲ್ಲಿ 1,150 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಹೃದಯ ತರಿಸಿದೆ. ನಿಜವಾದ ಗಾತ್ರದ್ದು, ಮುಂದಿನ ಗೋಡೆ ಬಿಚ್ಚಿ ಬರುತ್ತದೆ.

ಮೊದಲ ದಿನವೇ ಒಬ್ಬ ಹುಡುಗ ಅದನ್ನು ಎದೆಗೆ ಹಿಡಿದುಕೊಂಡು ನಮ್ಮ ಕಡೆ ತಿರುಗಿ ನಿಂತ. "ಸಾರ್, ಇದು ನನಗೆ ಬಲ, ನಿಮಗೆ ಎಡ ಅಲ್ವಾ?" ಅಂದ. ಕೊಟ್ಟ ದುಡ್ಡು ಅಲ್ಲಿಗೇ ಬಂತು. ಇನ್ನೊಬ್ಬಳು ಎಡ ಹೃತ್ಕುಕ್ಷಿಯ (ಕೆಳಗಿನ ಕೋಣೆಯ) ಗೋಡೆ ಮುಟ್ಟಿ, ಇದೊಂದೇ ಯಾಕೆ ಇಷ್ಟು ದಪ್ಪ ಅಂತ ಕೇಳಿದಳು. ಎರಡೂ ಕಡೆಯಿಂದ ಹೋಗುವ ರಕ್ತ ಹೆಚ್ಚುಕಮ್ಮಿ ಒಂದೇ ಅಳತೆ, ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ ಸುಮಾರು 5 ಲೀಟರ್. ಆದರೆ ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ನೆತ್ತಿಯಿಂದ ಅಂಗಾಲಿನವರೆಗೆ ತಳ್ಳಬೇಕು.

ಬೇಜಾರಾಗಿದ್ದು ಬಣ್ಣದ ವಿಷಯಕ್ಕೆ. ಹಿಂಬದಿಯಲ್ಲಿ ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬರುವ ನಾಲ್ಕು ಅಭಿಧಮನಿಗಳಿಗೂ ನೀಲಿ ಬಳಿದಿದ್ದಾರೆ! ಅಲ್ಲಿ ಹರಿಯುವುದು ಆಮ್ಲಜನಕ ಜಾಸ್ತಿ ಇರುವ ರಕ್ತ, ಕೆಂಪು ಇರಬೇಕು. ಹೃದಯಕ್ಕೆ ರಕ್ತ ತರುವುದು ಅಭಿಧಮನಿ, ಹೃದಯದಿಂದ ಒಯ್ಯುವುದು ಅಪಧಮನಿ, ಹೆಸರು ಬಂದಿದ್ದು ದಿಕ್ಕಿನಿಂದ, ಬಣ್ಣದಿಂದ ಅಲ್ಲ. ಮಕ್ಕಳು ಪರೀಕ್ಷೆಯಲ್ಲಿ ಎಡವುವುದೂ ಇಲ್ಲೇ, ಕಲಿಸುವ ವಸ್ತುವೇ ತಪ್ಪಾಗಿದ್ದರೆ ಏನು ಮಾಡಬೇಕು? ಮಾರಿದವರಿಗೆ ಫೋಟೋ ಕಳಿಸಿದೆ, ಉತ್ತರ ಇಲ್ಲ. ಕೊನೆಗೆ ಮನೆಯಲ್ಲಿದ್ದ ಕೆಂಪು ನೇಲ್ ಪಾಲಿಶ್ ಎರಡು ಸಲ ಹಚ್ಚಿದೆ, ಚೆನ್ನಾಗಿ ಹಿಡಿದಿದೆ.

ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳು ಮಾಡೆಲ್‌ನಲ್ಲಿ ಗಟ್ಟಿ ಪ್ಲಾಸ್ಟಿಕ್, ಅಲ್ಲಾಡುವುದಿಲ್ಲ. ಅದನ್ನು ತೋರಿಸಲು ಮಟನ್ ಅಂಗಡಿಯಿಂದ ಮೇಕೆ ಗುಂಡಿಗೆ ತಂದೆ. ಅದರಲ್ಲೂ ನಾಲ್ಕೇ ಕೋಣೆ. ಸೀಳಿ ನೋಡಿದರೆ ಕವಾಟದ ತೆಳು ದಳಗಳು, ಅವನ್ನು ಕೆಳಗಿನಿಂದ ಹಿಡಿದಿಟ್ಟ ಬಿಳಿ ದಾರದಂಥ ಎಳೆಗಳು ಕಾಣುತ್ತವೆ. ಹೃತ್ಕುಕ್ಷಿ ಹಿಂಡಿದಾಗ ದಳಗಳು ಮೇಲಕ್ಕೆ ಮಗುಚದಂತೆ ತಡೆಯುವುದು ಈ ಎಳೆಗಳೇ. ಮಾಡೆಲ್‌ನಲ್ಲಿ ಇವು ಇಲ್ಲವೇ ಇಲ್ಲ. ನೀವೂ ತರುವುದಾದರೆ ಹಿಂದಿನ ದಿನವೇ ಅಂಗಡಿಯವರಿಗೆ ಹೇಳಿಡಿ, ಗುಂಡಿಗೆ ಇಡಿಯಾಗಿ ಬೇಕು, ಮೇಲಿನ ಕೊಳವೆಗಳನ್ನು ಕೊಯ್ಯಬೇಡಿ ಅಂತ.