ಸ್ಪಗೆಟಿ ಗೋಪುರ, ಚನ್ನಪಟ್ಟಣದ ಬುಗುರಿ, ಚುರುಮುರಿ: ನಮ್ಮ ಟೀಮಿಗೆ ಒಗ್ಗಿದ್ದು ಯಾವುದು?

ನಮ್ಮದು ಬೆಂಗಳೂರಿನ ಸಣ್ಣ ಆಫೀಸು. 24 ಜನ ಇದ್ದೇವೆ. ಟೀಮ್ ಬಿಲ್ಡಿಂಗ್ ಮಾಡಿಸುವ ಕೆಲಸ ಎರಡು ವರ್ಷದಿಂದ ನನ್ನ ತಲೆಗೆ ಬಿದ್ದಿದೆ. ರೆಸಾರ್ಟಿನಲ್ಲಿ ಹಗ್ಗ ಎಳೆದು ಎಲ್ಲರಿಗೂ ಸಾಕಾಗಿತ್ತು. ಕೈಯಾರೆ ಏನಾದರೂ ಮಾಡೋಣ ಅಂತ ಮೂರು ಬಗೆ ಮಾಡಿಸಿ ನೋಡಿದೆ.

ಮೊದಲನೆಯದು ಮಾರ್ಷ್‌ಮ್ಯಾಲೋ ಗೋಪುರ. ಮಾರ್ಷ್‌ಮ್ಯಾಲೋ ಅಂದರೆ ಹತ್ತಿ ಹಾಗೆ ಮೆತ್ತಗಿರುವ ಮಿಠಾಯಿ. ಡಿಸೈನರ್ ಪೀಟರ್ ಸ್ಕಿಲ್‌ಮನ್ ಶುರು ಮಾಡಿದ ಆಟ ಇದು. ಟಾಮ್ ವುಜೆಕ್ 2010ರಲ್ಲಿ ಟೆಡ್ ಅನ್ನೋ ಭಾಷಣದ ವೇದಿಕೆಯಲ್ಲಿ ಇದರ ಬಗ್ಗೆ ಮಾತಾಡಿದ ಮೇಲೆ ಊರೆಲ್ಲ ಹಬ್ಬಿತು. ನಾಲ್ಕು ಜನಕ್ಕೆ 20 ಸ್ಪಗೆಟಿ (ಉದ್ದ ಶಾವಿಗೆಯಂಥದ್ದು) ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಒಂದು ಮಾರ್ಷ್‌ಮ್ಯಾಲೋ. 18 ನಿಮಿಷದಲ್ಲಿ ಗೋಪುರ ಕಟ್ಟಿ ತುದಿಗೆ ಮಾರ್ಷ್‌ಮ್ಯಾಲೋ ಕೂರಿಸಬೇಕು. ಇದರಲ್ಲಿ ಬಿಸಿನೆಸ್ ಸ್ಕೂಲಿನವರಿಗಿಂತ ಶಿಶುವಿಹಾರದ ಮಕ್ಕಳೇ ಮೇಲು ಅಂತ ವುಜೆಕ್ ಹೇಳಿದ್ದರು. ಮಕ್ಕಳು ಮೊದಲಿನಿಂದಲೇ ತುದಿಗೆ ಚುಚ್ಚಿ ನೋಡುತ್ತಾರೆ, ದೊಡ್ಡವರು ಕೊನೇ ನಿಮಿಷಕ್ಕೆ ಇಡುತ್ತಾರೆ. ನಮ್ಮಲ್ಲೂ ಹಾಗೇ ಆಯಿತು. ಹದಿನೈದು ನಿಮಿಷ ಬರೀ ಚಿತ್ರ ಬರೆದರು, ಕೊನೆಗೆ ಗೋಪುರ ಸೊಂಟ ಬಗ್ಗಿಸಿಬಿಟ್ಟಿತು.

ಖರ್ಚು ಸಾವಿರ ರೂಪಾಯಿಯೂ ಆಗಲಿಲ್ಲ. ಆದರೆ ಬೆಂಗಳೂರಿನಲ್ಲಿ ಅರ್ಧ ಜನ ಹಳೇ ಕಂಪನಿಯಲ್ಲಿ ಇದನ್ನು ಆಡಿಯೇ ಬಂದಿರುತ್ತಾರೆ. ಮಾರ್ಷ್‌ಮ್ಯಾಲೋದಲ್ಲಿ ಜೆಲಟಿನ್ ಇರುತ್ತೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರೋದು ಅಂತ ಇಬ್ಬರು ಮುಟ್ಟಲಿಲ್ಲ. ಆ ಗುಂಪುಗಳಿಗೆ ಪೇಡಾ ಕೊಟ್ಟೆ. ಪೇಡಾ ಭಾರ ಜಾಸ್ತಿ, ಇದು ಮೋಸ ಅಂತ ಜಗಳಕ್ಕೇ ನಿಂತರು! ಅದು ಬಿಡಿ, ನನಗೆ ಹಿಡಿಸದ್ದು ಇನ್ನೊಂದು. ಟೇಪು ಸೀನಿಯರ್ ಕೈಗೆ ಸಿಕ್ಕಿತೋ, ಮುಗಿಯಿತು. ಮಿಕ್ಕ ಮೂವರು ಕಡ್ಡಿ ಹಿಡಿದು ನಿಂತಿರಬೇಕು ಅಷ್ಟೇ.

ಎರಡನೆಯದಕ್ಕೆ ಚನ್ನಪಟ್ಟಣಕ್ಕೆ ಹೋದೆವು. ಸುಮಾರು 60 ಕಿಲೋಮೀಟರ್. ಕುಶಲಕರ್ಮಿಯೊಬ್ಬರ ಶೆಡ್ಡಿನಲ್ಲಿ ಎಲ್ಲರೂ ಒಂದೊಂದು ಬುಗುರಿ ಮಾಡುವುದು ಅಂತ ಮಾತಾಗಿತ್ತು. ನೋಡೋಕೆ ಎರಡು ಕಣ್ಣು ಸಾಲದು. ಲೇತಿನಲ್ಲಿ, ಅಂದರೆ ಮರ ಕಡೆಯುವ ಯಂತ್ರದಲ್ಲಿ, ಆಲೆ ಮರದ ತುಂಡು ಗಿರ್ರಂತ ತಿರುಗುತ್ತಿರುತ್ತೆ. ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಕನ್ನಡಿ ಹಾಗೆ ಹೊಳಪು.

ಇದ್ದದ್ದು ಎರಡೇ ಲೇತು. ಒಬ್ಬರ ಸರದಿ ಐದು ನಿಮಿಷ, ಉಳಿದವರು ಹೊರಗೆ ಮೊಬೈಲ್ ಹಿಡಿದು ಕೂತರು. ಉಳಿ ಜಾರಿದರೆ ಕಷ್ಟ, ಹಾಗಾಗಿ ಕುಶಲಕರ್ಮಿಯೇ ಕೈ ಹಿಡಿದು ಮಾಡಿಸುತ್ತಿದ್ದರು. ಅಂದರೆ ಬುಗುರಿ ಮಾಡಿದ್ದು ಅವರೇ ಅಲ್ವಾ? ವಾಪಸ್ ಬರುವಾಗ ಬಸ್ಸಿನಲ್ಲಿ ಅವರವರ ಬುಗುರಿ ಅವರವರ ಕೈಯಲ್ಲಿ. ಬಸ್ಸು, ಊಟ ಎಲ್ಲ ಸೇರಿ 30 ಸಾವಿರ ಹತ್ತಿರ ಹೋಯಿತು. ನಿಜ ಹೇಳಬೇಕೆಂದರೆ, ಹೋಗುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದ ಅರ್ಧ ಗಂಟೆಯಲ್ಲೇ ಜನ ಜಾಸ್ತಿ ಮಾತಾಡಿದ್ದು.

ಮೂರನೆಯದು ಆಫೀಸಿನಲ್ಲೇ ಒಲೆ ಇಲ್ಲದ ಅಡುಗೆ. ನಾಲ್ಕು ಗುಂಪು, ಗುಂಪಿಗೆ ಆರು ಜನ. ಎರಡು ಗುಂಪು ಕೋಸಂಬರಿ, ಎರಡು ಗುಂಪು ಚುರುಮುರಿ. ಮಾಡಿದ್ದು ಎಲ್ಲ 24 ಜನಕ್ಕೂ ಸಾಲಬೇಕು. ಮೊದಲ ಸಲ ಪ್ರತಿ ಗುಂಪಿಗೂ ಚಾಕು, ತುರಿಮಣೆ, ಬೋಗುಣಿ ಬೇರೆಬೇರೆ ಕೊಟ್ಟಿದ್ದೆ. ಚೆನ್ನಾಗೇ ಆಯಿತು, ಆದರೆ ಒಂದು ಮೇಜಿನವರು ಇನ್ನೊಂದು ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ.

ಎರಡನೇ ಸಲ ಬೇಕೆಂದೇ ಸಾಮಾನು ಕಡಿಮೆ ಮಾಡಿದೆ. ಚಾಕು ಇಲ್ಲ. ಎಲ್ಲರಿಗೂ ಸೇರಿ ಎರಡು ಈಳಿಗೆಮಣೆ, ಒಂದು ತುರಿಮಣೆ. ಅಲ್ಲಿಂದ ನೋಡಿ ಮಜಾ! "ನಮ್ಮ ಈರುಳ್ಳಿ ಹೆಚ್ಚಿಕೊಡಿ, ನಿಮ್ಮ ಕಾಯಿ ನಾವು ತುರೀತೀವಿ" ಅಂತ ವ್ಯಾಪಾರ ಶುರುವಾಯಿತು. ಈಳಿಗೆಮಣೆ ಮೇಲೆ ಕೂರೋಕೆ ಬಹಳ ಜನಕ್ಕೆ ಬರಲಿಲ್ಲ. ಹೌಸ್‌ಕೀಪಿಂಗ್ ಅಕ್ಕ ನೋಡಿ ನೋಡಿ ಸಾಕಾಗಿ, "ಸರ್, ಹಂಗಲ್ಲ, ಮಣೆ ಮೇಲೆ ಕಾಲಿಟ್ಟು ಒತ್ತಿ ಹಿಡ್ಕೊಳ್ಳಿ" ಅಂತ ನಮ್ಮ ಮ್ಯಾನೇಜರಿಗೇ ಹೇಳಿಕೊಟ್ಟರು. ಆಮೇಲೆ ನಾಲ್ಕೂ ಗುಂಪು ಅವರನ್ನೇ ಕರೆಯತೊಡಗಿತು.

ಈ ಎರಡು ತಿಂಡಿ ಆರಿಸಿದ್ದಕ್ಕೆ ಕಾರಣ ಇದೆ. ಎರಡಕ್ಕೂ ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಹೆಸರುಬೇಳೆ ಒಂದು ಗಂಟೆ ಮೊದಲೇ ನೆನೆಯಬೇಕು. ಸೌತೆಕಾಯಿಗೆ ಬೇಗ ಉಪ್ಪು ಹಾಕಿದರೆ ಕೋಸಂಬರಿ ನೀರು ಬಿಡುತ್ತೆ. ಪುರಿಗೆ ಟೊಮೇಟೊ ಮೊದಲೇ ಬೆರೆಸಿದರೆ ಮೆತ್ತಗಾಗುತ್ತೆ. ಒಂದು ಗುಂಪು ತಮ್ಮದು ಬೇಗ ಮುಗಿಯಿತು ಅಂತ ಹತ್ತು ನಿಮಿಷ ಮೊದಲೇ ಕಲಸಿಟ್ಟಿತು. ಆ ಚುರುಮುರಿಯನ್ನು ಚಮಚದಲ್ಲಿ ತಿನ್ನಬೇಕಾಯಿತು! ಅವರನ್ನು ಇವತ್ತಿಗೂ ರೇಗಿಸುತ್ತಾರೆ. ಖರ್ಚು ಎರಡೂವರೆ ಸಾವಿರ.

ತೊಂದರೆ ಇರಲಿಲ್ಲವೇ? ಇತ್ತು. ಒಬ್ಬರ ಬೆರಳು ಕೊಯ್ದುಕೊಂಡಿತು, ಸಣ್ಣ ಗಾಯ. ಮುಂದಿನ ಸಲ ಈಳಿಗೆಮಣೆ ಹತ್ತಿರ ಗೊತ್ತಿರುವವರೊಬ್ಬರನ್ನು ಕೂರಿಸಿಯೇ ಶುರು ಮಾಡುತ್ತೇನೆ. ಈರುಳ್ಳಿ ತಿನ್ನದವರನ್ನು ಮೊದಲೇ ಕೇಳಿ ಕೋಸಂಬರಿ ಗುಂಪಿಗೆ ಹಾಕಬೇಕಿತ್ತು.

ಅರ್ಧ ಗಂಟೆ ಮಾತ್ರ ಇದ್ದರೆ ಗೋಪುರ ಸಾಕು, ಟೇಪು ಮಾತ್ರ ಹೊಸಬರ ಕೈಗೆ ಕೊಡಿ. ಆರೆಂಟು ಜನರ ಟೀಮಾದರೆ ಚನ್ನಪಟ್ಟಣಕ್ಕೆ ಖಂಡಿತ ಹೋಗಿ, ಸರದಿ ಬೇಗ ಬರುತ್ತೆ. ನಮ್ಮಂಥ 24 ಜನಕ್ಕೆ ನನ್ನ ಓಟು ಚುರುಮುರಿಗೇ. ಮುಂದಿನ ತಿಂಗಳು ಮತ್ತೆ ಮಾಡಿಸುತ್ತಿದ್ದೇನೆ. ಈರುಳ್ಳಿ ಮಾತ್ರ ಈ ಸಲ ಟೆರೇಸಿನಲ್ಲೇ ಹೆಚ್ಚಬೇಕು. ಹೋದ ಸಲ ಮೀಟಿಂಗ್ ರೂಮಿಂದ ವಾಸನೆ ಹೋಗೋಕೆ ಎರಡು ದಿನ ಹಿಡಿಯಿತು.