ಇಪ್ಪತ್ನಾಲ್ಕು ಸಾವಿರದ ಪ್ಯಾಕೇಜೂ ಮಾಟುಂಗದ ಮೇಜೂ

ಮೂರು ತಿಂಗಳ ‘ಲೇಖಕರ ಪ್ರಚಾರ ಪ್ಯಾಕೇಜ್’ಗೆ ನಾನು ಕೊಟ್ಟದ್ದು 24,000 ರೂಪಾಯಿ. ಅದರಿಂದ ಮಾರಾಟವಾದದ್ದು ನನ್ನ ಕತೆ ಪುಸ್ತಕದ ಒಂಬತ್ತು ಪ್ರತಿ. ಆ ಒಂಬತ್ತರಲ್ಲಿ ಐದು ಮಂದಿ ಗುರುತಿನವರೇ, ಒಬ್ಬಳಂತೂ ನನ್ನ ನಾದಿನಿ. ಸ್ವಂತ ಖರ್ಚಿನಲ್ಲಿ ಪುಸ್ತಕ ತರಲು ಹೊರಟಿರುವ ಮುಂಬಯಿ ಕನ್ನಡಿಗರು ಮೂರು ನಾಲ್ಕು ಮಂದಿ ಫೋನ್ ಮಾಡಿ, “ಆ ಪ್ಯಾಕೇಜ್ ತಗೊಳ್ಳಬಹುದಾ ಟೀಚರ್?” ಎಂದು ಕೇಳಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಇಂಥ ಪ್ಯಾಕೇಜು ಮಾರುವವರು ಹಲವರಿದ್ದಾರೆ, ನಾನು ನೋಡಿದ ನಾಲ್ಕೈದು ಕರಪತ್ರಗಳಲ್ಲಿ ಇದ್ದದ್ದು ಹೆಚ್ಚುಕಡಿಮೆ ಒಂದೇ ಮಾತು.

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ 27 ವರ್ಷ ಪಾಠ ಮಾಡಿ ನಿವೃತ್ತಳಾದವಳು ನಾನು. ಡೊಂಬಿವಲಿಯಲ್ಲಿ ಮನೆ. ಶಾಲೆಯ ಮಕ್ಕಳು, ಅವರ ಅಪ್ಪ ಅಮ್ಮಂದಿರು, ರಾತ್ರಿ ಶಾಲೆಗೆ ಬರುತ್ತಿದ್ದ ಹೋಟೆಲಿನ ಹುಡುಗರು, ಇವರ ಬಗ್ಗೆ ಬರೆದ ಹದಿನಾಲ್ಕು ಕತೆಗಳನ್ನು ಸೇರಿಸಿ 168 ಪುಟದ ಪುಸ್ತಕ ಮಾಡಿದೆ. 500 ಪ್ರತಿ, ಬೆಂಗಳೂರಿನಲ್ಲಿ ಮುದ್ರಣ. ಪ್ರತಿಯೊಂದಕ್ಕೆ 78 ರೂಪಾಯಿಯಂತೆ 39,000 ಆಯಿತು. ಮುಖಬೆಲೆ 180. ಗ್ರಾಚ್ಯುಟಿಯಲ್ಲಿ ಉಳಿಸಿಟ್ಟ ಹಣ ಅದು, ಹಾಗಾಗಿ ಪ್ರತಿ ರೂಪಾಯಿಗೂ ನೋಟ್‌ಬುಕ್ಕಿನಲ್ಲಿ ಲೆಕ್ಕವಿದೆ.

ಪುಸ್ತಕ ಪ್ರೆಸ್ಸಿನಲ್ಲಿರುವಾಗಲೇ ಪ್ಯಾಕೇಜ್ ತೆಗೆದುಕೊಂಡೆ. ಕತೆ ಬರೆಯುವುದು ಗೊತ್ತಿತ್ತು, ಮಾರುವುದು ಗೊತ್ತಿರಲಿಲ್ಲ. ನನ್ನ ಪುಸ್ತಕದ ಬಗ್ಗೆ ನಾನೇ ಎದ್ದು ನಿಂತು “ಕೊಳ್ಳಿ” ಎನ್ನುವುದು ನಮ್ಮ ಊರ ಕಡೆ ಬೆಳೆದ ಹೆಂಗಸರಿಗೆ ಸುಲಭದ ಕೆಲಸವಲ್ಲ. ಬೇರೆಯವರು ನನ್ನ ಪರವಾಗಿ ಹೇಳುತ್ತಾರಲ್ಲ, ಅಷ್ಟು ಸಾಕು ಅನಿಸಿತ್ತು.

ಬಿಲ್ಲಿನ ಮೊದಲ ಸಾಲು: ಐಎಸ್‌ಬಿಎನ್ ನೆರವು, 2,500 ರೂಪಾಯಿ. ಐಎಸ್‌ಬಿಎನ್ ಎಂದರೆ ಪುಸ್ತಕಕ್ಕೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ. ಈ ಸಾಲನ್ನು ಎಲ್ಲರೂ ದಯವಿಟ್ಟು ಗಮನಿಸಿ. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಅದಕ್ಕೆ ಶುಲ್ಕವೇ ಇಲ್ಲ. ಸ್ವಂತವಾಗಿ ಪ್ರಕಟಿಸುವ ಲೇಖಕರೂ ಆನ್‌ಲೈನಿನಲ್ಲಿ ತಾವೇ ಅರ್ಜಿ ಹಾಕಬಹುದು. ನನ್ನ ಗೆಳತಿಯೊಬ್ಬಳು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಹಾಕಿದಳು. ಫಾರ್ಮ್ ತುಂಬಿದ ಶ್ರಮಕ್ಕೆ ಹಣ ಕೇಳಿದರೆ ಕೊಡೋಣ. ಆದರೆ ಅದು ಉಚಿತವಾಗಿ ಸಿಗುತ್ತದೆ ಎಂಬ ಒಂದು ಮಾತನ್ನು ಮೊದಲೇ ಹೇಳಬೇಕಿತ್ತು.

ಇನ್ನೊಂದು ಸಾಲು ನೋಡಿ ಆಗ ಬಹಳ ಖುಷಿಪಟ್ಟಿದ್ದೆ. ‘ದೇಶದ ನಾಲ್ಕು ಪ್ರಮುಖ ಗ್ರಂಥಾಲಯಗಳಲ್ಲಿ ನಿಮ್ಮ ಪುಸ್ತಕಕ್ಕೆ ಸ್ಥಾನ’, 1,500 ರೂಪಾಯಿ. ಆಮೇಲೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಓದಿದ ಹಳೆಯ ವಿದ್ಯಾರ್ಥಿನಿ ಹೇಳಿದಳು: “ಟೀಚರ್, ಅದು ಕಾನೂನು. 1954ರ ಕಾಯಿದೆ. ಪ್ರಕಾಶಕರು ಪುಸ್ತಕ ಬಂದ 30 ದಿನದೊಳಗೆ ಕಳಿಸಲೇಬೇಕು.” ಕೋಲ್ಕತ್ತದ ನ್ಯಾಷನಲ್ ಲೈಬ್ರರಿ, ಚೆನ್ನೈನ ಕನ್ನೆಮರಾ, ದಿಲ್ಲಿ ಪಬ್ಲಿಕ್ ಲೈಬ್ರರಿ, ನಾಲ್ಕನೆಯದು ನಮ್ಮ ಮುಂಬಯಿಯ ಟೌನ್ ಹಾಲ್‌ನಲ್ಲಿರುವ ಸೆಂಟ್ರಲ್ ಲೈಬ್ರರಿ. ಕಂಪನಿ ಮಾಡಿದ್ದು ನಾಲ್ಕು ಲಕೋಟೆಗೆ ವಿಳಾಸ ಬರೆದದ್ದು. ಮುಂಬಯಿಯ ಪ್ರತಿಯನ್ನು ಅವರ ಕೈಯಿಂದ ವಾಪಸ್ ಇಸ್ಕೊಂಡು, ಟೌನ್ ಹಾಲ್‌ನ ಆ ಎತ್ತರದ ಮೆಟ್ಟಿಲು ಹತ್ತಿ ನಾನೇ ಕೊಟ್ಟು ಬಂದೆ. ಆ ದಿನದ ಸಂತೋಷವನ್ನು ಯಾರೂ ಬಿಲ್ಲಿನಲ್ಲಿ ಬರೆಯಲಾರರು.

ಇನ್ನು ಪೋಸ್ಟರ್. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ. ಬಿಡುಗಡೆಗೆ ಹತ್ತು ದಿನ ಇರುವಾಗ ವಾಟ್ಸಾಪ್‌ನಲ್ಲಿ ಪೋಸ್ಟರ್ ಬಂತು. ಬಣ್ಣ ಚೆನ್ನಾಗಿತ್ತು, ನನ್ನ ಫೋಟೊ ಚೆನ್ನಾಗಿತ್ತು. ನಡುವೆ ದಪ್ಪಕ್ಷರದಲ್ಲಿ ‘ಪುಸ್‌ತಕ ಬಿಡುಗಡೆ’. ಕೆಳಗೆ ‘ಸರ್‌ವರಿಗೂ ಸ್‌ವಾಗತ’. ತ ಒತ್ತು ಸ-ದ ಕೆಳಗೆ ಕೂತಿಲ್ಲ, ಪಕ್ಕಕ್ಕೆ ಬಂದು ಇಡೀ ಅಕ್ಷರವಾಗಿ ನಿಂತಿದೆ. 27 ವರ್ಷ ಕರಿಹಲಗೆಯ ಮೇಲೆ ಒತ್ತಕ್ಷರ ಬರೆಸಿದವಳ ಪುಸ್ತಕಕ್ಕೆ ಈ ಪೋಸ್ಟರ್! ಆ ಹೊತ್ತಿಗಾಗಲೇ ಅದು ನೂರಾರು ಜನರ ಫೋನಿಗೆ ಹೋಗಿತ್ತು.

ಫೋನ್ ಮಾಡಿದೆ. ನನ್ನ ಕೆಲಸ ನೋಡಿಕೊಳ್ಳುತ್ತಿದ್ದವನು ಮರಾಠಿ ಹುಡುಗ, ಒಳ್ಳೆಯವನು, “ಕಾಕು” (ಚಿಕ್ಕಮ್ಮ) ಎಂದೇ ಕರೆಯುತ್ತಿದ್ದ. ನೀವು ಕಳಿಸಿದ್ದನ್ನೇ ಹಾಕಿದ್ದೇವೆ ಎಂದ. ನಾನು ಕಳಿಸಿದ್ದು ಸರಿಯಾಗಿಯೇ ಇತ್ತು. ಕಾರಣ ಬೇರೆ: ಡಿಸೈನ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಗಳಿಗೆಂದು ಬೇರೆ ಸೆಟಿಂಗ್ ಇರುತ್ತದೆ. ಇನ್‌ಡಿಸೈನ್‌ನಲ್ಲಿ ಅದಕ್ಕೆ ‘ವರ್ಲ್ಡ್-ರೆಡಿ ಕಂಪೋಸರ್’ ಎನ್ನುತ್ತಾರೆ. ಅದನ್ನು ಆನ್ ಮಾಡದಿದ್ದರೆ ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇದನ್ನು ನನಗೆ ಹೇಳಿಕೊಟ್ಟದ್ದು ಬೆಂಗಳೂರಿನ ಪ್ರೆಸ್ಸಿನವರು. ನಾನು ಆ ಹುಡುಗನಿಗೆ ಹೇಳಿದೆ, ಅವನು ಡಿಸೈನರ್‌ಗೆ ಹೇಳಿದ, ಎರಡು ದಿನದ ಮೇಲೆ ಸರಿಯಾದದ್ದು ಬಂತು. ಅವರಿಗೆ ಸೆಟಿಂಗ್ ಗೊತ್ತಿಲ್ಲದ್ದನ್ನು ಕ್ಷಮಿಸಬಹುದು. ಆದರೆ ಕನ್ನಡ ಪುಸ್ತಕದ ಪ್ರಚಾರಕ್ಕೆ ದುಡ್ಡು ತೆಗೆದುಕೊಂಡ ಆಫೀಸಿನಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ. ಮುಂದೆ ಆದ ಎಡವಟ್ಟುಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನದೂ ಅದೇ ಕತೆ. ತಿಂಗಳ ಕೊನೆಗೆ ವರದಿ ಬಂತು: ರೀಚ್ 61,000. ನಮ್ಮವರು ಮನೆಯಲ್ಲಿ ಸಿಹಿ ಹಂಚುವಷ್ಟು ಖುಷಿಯಾದರು. ರೀಚ್ ಎಂದರೆ ಅಷ್ಟು ಮಂದಿಯ ಪರದೆಯ ಮೇಲೆ ಜಾಹೀರಾತು ಒಮ್ಮೆಯಾದರೂ ಹಾದುಹೋಗಿದೆ ಎಂದರ್ಥ. ಓದಿದ್ದಾರೆ ಅಂತಲ್ಲ, ಒಂದು ಕ್ಷಣ ನಿಂತು ನೋಡಿದ್ದಾರೆ ಅಂತಲೂ ಅಲ್ಲ. ಅವರಲ್ಲಿ ಲಿಂಕ್ ಒತ್ತಿದವರು 214. ಕೊಂಡವರು ಒಂಬತ್ತು. ಯಾರಿಗೆ ತೋರಿಸಿದಿರಿ ಎಂದು ಕೇಳಿದಾಗ ಹುಡುಗ ಫೋನಿನಲ್ಲಿ ಸೆಟಿಂಗ್ ತೆರೆದು ತೋರಿಸಿದ. ಸ್ಥಳ ಮುಂಬಯಿ, ವಯಸ್ಸು 18ರಿಂದ 35, ಆಸಕ್ತಿ ಪುಸ್ತಕ. ಭಾಷೆಯ ಖಾನೆ ಖಾಲಿ! ಕನ್ನಡ ಅಕ್ಷರವೇ ಬಾರದ ಸಾವಿರಾರು ಮಕ್ಕಳಿಗೆ ನನ್ನ ಪುಸ್ತಕ ತೋರಿಸಲು ನಾನು ದುಡ್ಡು ಕೊಟ್ಟಿದ್ದೆ. ನನ್ನ ಓದುಗರಿಗೆ 45 ದಾಟಿದೆ. ಅವರು ಇರುವುದು ಡೊಂಬಿವಲಿ, ಕಲ್ಯಾಣ, ಠಾಣೆ, ಮೀರಾ ರೋಡ್, ನವಿ ಮುಂಬಯಿಗಳಲ್ಲಿ.

ಮೂರನೆಯ ತಿಂಗಳು ಆದದ್ದು ಎಲ್ಲಕ್ಕಿಂತ ಕೆಟ್ಟದ್ದು. ಪ್ಯಾಕೇಜಿನಲ್ಲಿ ‘25 ಓದುಗರ ವಿಮರ್ಶೆ’ ಎಂದಿತ್ತು. ಪುಸ್ತಕವನ್ನು 25 ಮಂದಿಗೆ ಕೊಟ್ಟು ಓದಿಸುತ್ತಾರೆ ಎಂದು ನಾನು ತಿಳಿದಿದ್ದೆ. ಪುಸ್ತಕ ಮಾರಾಟದ ತಾಣದಲ್ಲಿ ನಾಲ್ಕೇ ದಿನದಲ್ಲಿ ಹದಿನೇಳು ವಿಮರ್ಶೆ ಬಂದವು, ಎಲ್ಲಕ್ಕೂ ಐದೈದು ನಕ್ಷತ್ರ. ಒಂದರಲ್ಲಿ ‘ಹೃದಯ ತಟ್ಟುವ ಕಾದಂಬರಿ’ ಎಂದಿದೆ. ನಾನು ಬರೆದದ್ದು ಸಣ್ಣ ಕತೆಗಳು. ಇನ್ನೊಂದರಲ್ಲಿ ನಾಯಕಿಯ ಪ್ರೇಮವನ್ನು ಹೊಗಳಿದ್ದಾರೆ. ಅಂಥ ನಾಯಕಿಯೇ ಪುಸ್ತಕದಲ್ಲಿ ಇಲ್ಲ. ಅಮೆಜಾನ್‌ನಂಥ ತಾಣಗಳ ನಿಯಮದಲ್ಲಿ ಹಣ ಕೊಟ್ಟು ಬರೆಸಿದ ವಿಮರ್ಶೆಗೂ ಮನೆಯವರು, ಆಪ್ತ ಸ್ನೇಹಿತರು ಬರೆದ ವಿಮರ್ಶೆಗೂ ಅವಕಾಶವಿಲ್ಲ. ನಿಯಮ ಒತ್ತಟ್ಟಿಗಿರಲಿ. ಕಾಪಿ ಹೊಡೆದ ಮಕ್ಕಳನ್ನು ಬೆಂಚಿನಿಂದ ಎಬ್ಬಿಸಿ, ಬೈಯದೆ, ಮತ್ತೆ ಮೊದಲಿನಿಂದ ಬರೆಸಿದವಳು ನಾನು. ನನ್ನ ಪುಸ್ತಕದ ಕೆಳಗೆ ಅದು ಹೇಗೆ ಇರಬಹುದು? ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಫೋನ್ ಮಾಡಿ ಎಲ್ಲವನ್ನೂ ತೆಗೆಸಿ ಎಂದೆ. “ಕಾಕು, ಎಲ್ಲರೂ ಹೀಗೇ ಮಾಡ್ತಾರೆ” ಎಂದ ಹುಡುಗ. ಪಟ್ಟು ಬಿಡಲಿಲ್ಲ, ಎರಡು ವಾರ ಹಿಡಿಯಿತು, ಹೋದವು. ಈಗ ನನ್ನ ಪುಸ್ತಕಕ್ಕೆ ಅಲ್ಲಿ ಮೂರು ವಿಮರ್ಶೆ ಇವೆ. ಒಂದರಲ್ಲಿ ಮೂರೇ ನಕ್ಷತ್ರ, ಎರಡನೆಯ ಕತೆ ಎಳೆದಂತಾಗಿದೆ ಎಂದು ಬರೆದಿದ್ದಾರೆ. ಅವರು ಓದಿದ್ದಾರೆ, ಆ ಮಾತೂ ನಿಜ.

ಪ್ಯಾಕೇಜಿನಲ್ಲಿ ಒಳ್ಳೆಯದು ಏನೂ ಇರಲಿಲ್ಲವೇ? ಇತ್ತು. ಪೋಸ್ಟರಿನಲ್ಲಿದ್ದ ಆ ಫೋಟೊ, ಮತ್ತು ಕ್ಯೂಆರ್ ಕೋಡ್ ಇರುವ 200 ಪುಟ್ಟ ಕಾರ್ಡು. ಕಾರ್ಡಿನ ಮುಂದೆ ಮುಖಪುಟ, ಹಿಂದೆ ಹಣ ಕಳಿಸುವ ಕೋಡ್ ಮತ್ತು ವಾಟ್ಸಾಪ್ ಸಂಖ್ಯೆ. ಇದು ಇಂದಿಗೂ ಕೆಲಸ ಮಾಡುತ್ತಿದೆ. ಹೊರಗೆ ಮಾಡಿಸಿದರೆ ಎರಡೂ ಸೇರಿ ಮೂರು ಸಾವಿರದೊಳಗೆ ಆಗುತ್ತಿತ್ತು. ಇಡೀ ಪ್ಯಾಕೇಜಿಗೆ ಐದು ನಕ್ಷತ್ರಕ್ಕೆ ನನ್ನದು ಒಂದೂವರೆ.

ಈಗ ಪುಸ್ತಕ ನಿಜವಾಗಿ ಎಲ್ಲಿ ಹೋಯಿತು ಎಂಬುದನ್ನು ಹೇಳುತ್ತೇನೆ. ಬಿಡುಗಡೆ ಮಾಟುಂಗದಲ್ಲಿ, ಒಂದು ಭಾನುವಾರ. ಜೋರು ಮಳೆ. ಎರಡು ಚೀಲದಲ್ಲಿ ಪುಸ್ತಕ ತುಂಬಿಕೊಂಡು ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಿ, ಕುರ್ಲಾದಲ್ಲಿ ಇಳಿದು ಸ್ಲೋ ಹಿಡಿದೆವು. ಮಾಟುಂಗ ಎಂದರೆ ನಮಗೆ ಬರೇ ಒಂದು ಸ್ಟೇಷನ್ ಅಲ್ಲ. 1926ರಲ್ಲಿ ಹುಟ್ಟಿದ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಅಲ್ಲಿದೆ, ಮಲ್ಲಿಗೆ ಮಾಲೆ ಕಟ್ಟುವವರು ಅಲ್ಲಿದ್ದಾರೆ, ಬಾಳೆಎಲೆ ಊಟದ ಉಡುಪಿ ಬೋರ್ಡಿಂಗ್ ಅಲ್ಲಿದೆ. ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಮೇಜು ಹಾಕಿಸಿಕೊಂಡೆ. ಒಳಗೆ ಭಾಷಣ ನಡೆಯುವಾಗ ಒಂದೂ ಮಾರಾಟವಾಗಲಿಲ್ಲ. ಮುಗಿದು ಉಪ್ಪಿಟ್ಟು, ಕಾಫಿ ಶುರುವಾದ ಮೇಲೆ ಜನ ಬಂದರು.

ಒಬ್ಬರು ಹೆಂಗಸು ಪುಸ್ತಕ ಎತ್ತಿ, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಹಿಂದಿನ ರಕ್ಷಾಪುಟ ನಿಧಾನವಾಗಿ ಓದಿದರು. ಕಲಬುರಗಿ ಕಡೆಯವರು, ಸಾಯನ್ ಕೋಳಿವಾಡದಲ್ಲಿ ಇರುವವರು. “ಇದರಾಗ ನಮ್ಮ ಮಂದಿ ಅದಾರೇನ್ರಿ ಅಕ್ಕಾರ?” ಎಂದರು. ಇದ್ದಾರೆ ಎಂದೆ, ಕಟ್ಟಡದ ಕೆಲಸಕ್ಕೆ ಬಂದವರ ಮಗಳ ಕತೆ ಇದೆ, ಏಳನೆಯದು. ಅವರು ಅಲ್ಲೇ ನಿಂತು ಏಳನೆಯ ಕತೆಯ ಮೊದಲ ಪುಟ ತುಟಿ ಅಲ್ಲಾಡಿಸುತ್ತಾ ಓದಿದರು. ಆಮೇಲೆ ಪರ್ಸಿನಿಂದ ನೂರರ ಒಂದು ನೋಟು, ಹತ್ತರ ಎಂಟು ನೋಟು ಒಂದೊಂದಾಗಿ ಎಣಿಸಿ ಇಟ್ಟರು. ಪರದೆಯ ಮೇಲೆ ನನ್ನ ಜಾಹೀರಾತು ಹಾದುಹೋದ 61,000 ಮಂದಿಯ ಮುಖ ನಾನು ನೋಡಿಲ್ಲ. ಇವರ ಮುಖ ಮರೆಯುವುದಿಲ್ಲ.

ಆ ದಿನ 64 ಪ್ರತಿ ಮಾರಾಟವಾದವು. ಗೌರವ ಪ್ರತಿಯಾಗಿ ಹೋದವೂ 48! ವೇದಿಕೆಯ ಮೇಲಿದ್ದವರಿಗೆ, ಸಂಘದ ಪದಾಧಿಕಾರಿಗಳಿಗೆ, “ನಮಗೊಂದು ಇಲ್ವಾ?” ಎಂದು ಪ್ರೀತಿಯಿಂದ ಕೇಳಿದವರಿಗೆ. ಹೊಸದಾಗಿ ಪುಸ್ತಕ ತರುವವರು ಮೊದಲೇ ಒಂದು ಪಟ್ಟಿ ಮಾಡಿ, ಹದಿನೈದಕ್ಕೆ ನಿಲ್ಲಿಸಿ. 48 ಪ್ರತಿ ಎಂದರೆ ನನಗೆ ಮುದ್ರಣ ವೆಚ್ಚವೇ 3,744 ರೂಪಾಯಿ.

ಹಳೆಯ ವಿದ್ಯಾರ್ಥಿಯೊಬ್ಬ ಠಾಣೆಯಲ್ಲಿ ಹೋಟೆಲು ನಡೆಸುತ್ತಾನೆ. ರಾತ್ರಿ ಶಾಲೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದವನು, ಬೆಳಿಗ್ಗೆ ಐದಕ್ಕೆ ಹಿಟ್ಟು ರುಬ್ಬಲು ಏಳಬೇಕಲ್ಲ. 20 ಪ್ರತಿ ತೆಗೆದುಕೊಂಡು ಗಲ್ಲಾದ ಪಕ್ಕ, ಸೋಂಪು ಡಬ್ಬದ ಹತ್ತಿರ ಇಟ್ಟ. ಕನ್ನಡ ಮಾತಾಡುವ ಗಿರಾಕಿ ಬಂದರೆ ಬಿಲ್ಲಿನ ಜೊತೆ ಕಾರ್ಡು ಕೊಡುತ್ತಾನೆ. ತಿಂಗಳಲ್ಲಿ ಖಾಲಿಯಾಗಿ ಮತ್ತೆ 15 ಕೇಳಿದ. ಕಮಿಷನ್ ಕೊಡುತ್ತೇನೆ ಎಂದರೆ, “ಟೀಚರ್, ಆ ಮೂರನೇ ಕತೆ ನಂದೇ ಅಲ್ವಾ?” ಎಂದು ನಕ್ಕ. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಉಳಿದ ದೊಡ್ಡ ಪಾಲು ಅಂಚೆಯದು. 2025ರ ಮೇ 1ರಂದು ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ಎಂಬ ಸೇವೆ ಶುರು ಮಾಡಿದೆ, ಪುಸ್ತಕಗಳಿಗೆಂದೇ. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100, ಮೇಲೆ ತೆರಿಗೆ. ಟ್ರ್ಯಾಕಿಂಗ್ ಸಂಖ್ಯೆ ಸಿಗುತ್ತದೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು, ಜಾಹೀರಾತು ಇರಬಾರದು. ನೆಲದ ದಾರಿಯಲ್ಲೇ ಹೋಗುವುದರಿಂದ ಕೆಲವು ದಿನ ಕಾಯಬೇಕು, ಕತೆ ಪುಸ್ತಕಕ್ಕೆ ಅವಸರವೇನು. ನನ್ನ ಪುಸ್ತಕ ಲಕೋಟೆ ಸೇರಿ 300 ಗ್ರಾಂ ಒಳಗೇ ತೂಗುತ್ತದೆ. ಮೊದಲು ಕೊರಿಯರ್‌ನಲ್ಲಿ ಕಳಿಸುವಾಗ 180ರ ಪುಸ್ತಕಕ್ಕೆ 70, 80 ರೂಪಾಯಿ ಹೋಗುತ್ತಿತ್ತು, ಓದುಗರೂ ಹಿಂದೆ ಸರಿಯುತ್ತಿದ್ದರು. ಈಗ ಅಂಚೆ ಖರ್ಚು ನಾನೇ ಹಾಕುತ್ತೇನೆ. ಮುಂಬಯಿಯ ಸಮುದಾಯ ಮಾಸಪತ್ರಿಕೆಗಳಿಗೆ, ದಿನಪತ್ರಿಕೆಗಳಿಗೆ ಹತ್ತು ಪ್ರತಿ ಕಳಿಸಿದ್ದೆ. ಒಂದರಲ್ಲಿ ಅರ್ಧ ಪುಟದ ಪರಿಚಯ ಬಂತು, ಕೆಳಗೆ ನನ್ನ ವಾಟ್ಸಾಪ್ ಸಂಖ್ಯೆ. ಆ ಒಂದೇ ವಾರ ಸೊಲ್ಲಾಪುರ, ಪುಣೆ, ಕಾರ್ಕಳ, ಅಂಕೋಲಾದಿಂದ ಕರೆ ಬಂದವು. ಇದುವರೆಗೆ ಅಂಚೆಯಲ್ಲಿ ಹೋದದ್ದು 112. ಈ ಸೇವೆಗೆ ನಾನು ಐದಕ್ಕೆ ಐದೂ ಕೊಡುತ್ತೇನೆ.

ಡೊಂಬಿವಲಿಯ ಕಾರ್ಯಕ್ರಮದಲ್ಲಿ 31 ಸೇರಿ ಎಲ್ಲ ಲೆಕ್ಕ ಹಾಕಿದರೆ ಮಾರಾಟ 251. ಮಂಚದಡಿ ಇನ್ನೂ 187 ಇವೆ. ಹಾಕಿದ ಹಣ ಪೂರ್ತಿ ಬಂದಿಲ್ಲ, ಆ ಪ್ಯಾಕೇಜ್ ತೆಗೆದುಕೊಳ್ಳದಿದ್ದರೆ ಮುದ್ರಣದ ಹಣ ಇಷ್ಟರಲ್ಲಿ ಬಂದಿರುತ್ತಿತ್ತು.

ಬರುವ ಭಾನುವಾರ ಕಲ್ಯಾಣದಲ್ಲಿ ಮಹಿಳಾ ವಿಭಾಗದವರ ಕಾರ್ಯಕ್ರಮ ಇದೆ. ಮೇಜು ಬೇಕು ಎಂದು ನಾನೇ ಕಾರ್ಯದರ್ಶಿಗೆ ಫೋನ್ ಮಾಡಿ ಕೇಳಿದೆ, ನಾಚಿಕೆ ಆಗಲಿಲ್ಲ. ಚಹಾ ಕೊಡುವ ಜಾಗದ ಹತ್ತಿರವೇ ಹಾಕಿಸಿ ಎಂದೂ ಹೇಳಿದ್ದೇನೆ. 40 ಪ್ರತಿ, ಕಾರ್ಡುಗಳು, ಮತ್ತು 200ರ ನೋಟು ಕೊಡುವವರಿಗೆ ವಾಪಸ್ ಕೊಡಲು ಹತ್ತರ ನೋಟಿನ ಎರಡು ಕಟ್ಟು ಚೀಲದಲ್ಲಿ ಇಟ್ಟಾಗಿದೆ.