ಟ್ರೈಲರ್ ಸರಿಸಲು ಮುಂದಿನ ಬಕೆಟ್ಟೋ, ಹಿಂದಿನ ಡ್ರಾಬಾರೋ?

ಪುಣೆಯ ಮಾಂಜರಿಯಲ್ಲಿ ನರ್ಸರಿ ನಡೆಸುವ ಬೀದರ್ ಕಡೆಯ ಗೆಳೆಯರೊಬ್ಬರ ಪ್ರಶ್ನೆ: ಟ್ರೈಲರನ್ನು ಶೆಡ್ಡಿನ ಮೂಲೆಗೆ ಸೇರಿಸಲು ಟ್ರಾಕ್ಟರಿನ ಮುಂದಿನ ಲೋಡರ್ ಬಕೆಟ್ಟಿಗೆ (ಮಣ್ಣು ಎತ್ತುವ ತೊಟ್ಟಿಗೆ) ಹಿಚ್, ಅಂದರೆ ಟ್ರೈಲರ್ ಸಿಕ್ಕಿಸುವ ಕೊಂಡಿ, ಕೂಡಿಸಲೇ, ಹಿಂದಿನ ಡ್ರಾಬಾರ್ (ಟ್ರೈಲರ್ ಎಳೆಯುವ ಕಬ್ಬಿಣದ ಪಟ್ಟಿ) ಸಾಕೇ?

ಇಕ್ಕಟ್ಟಿನ ಜಾಗಕ್ಕೆ ಬಕೆಟ್ ಹಿಚ್ಚೇ ಸಲೀಸು. ಕೊಂಡಿ ಕಣ್ಣೆದುರಿಗೇ ಇರುತ್ತದೆ. ಡ್ರಾಬಾರಿನಲ್ಲಿ ಎರಡು ಚಕ್ರದ ಟ್ರೈಲರನ್ನು ಹಿಂದಕ್ಕೆ ತಳ್ಳುವ ಪಾಡು ಗೊತ್ತಲ್ಲ: ಕತ್ತು ಒಂದು ಕಡೆ, ಟ್ರೈಲರ್ ಇನ್ನೊಂದು ಕಡೆ.

ಸುರಕ್ಷತೆಗೆ ಬಂದರೆ ಲೆಕ್ಕ ತಲೆಕೆಳಗು. ಟ್ರೈಲರಿನ ಮೂತಿಯ ಭಾರ ಬಕೆಟ್ಟಿನ ಅಂಚಿಗೆ ಬಿದ್ದಾಗ ಮುಂದಿನ ಆಕ್ಸಲ್ ಮೇಲೆ ಹೊರೆ ಕೂಡುತ್ತದೆ, ಹಿಂದಿನ ಚಕ್ರಗಳು ಹಗುರವಾಗುತ್ತವೆ. ನಮ್ಮ ಬಹುತೇಕ ಟ್ರಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಗಳಲ್ಲೇ. ಇಳಿಜಾರಿನಲ್ಲಿ ಏನಾದೀತೆಂದು ವಿವರಿಸಬೇಕಿಲ್ಲ. ಆದ್ದರಿಂದ ಹಿಂದೆ ತೂಕ ಕಟ್ಟಬೇಕು, ಬಕೆಟ್ ನೆಲಕ್ಕೆ ಹತ್ತಿರವಿರಬೇಕು, ವೇಗ ನಡಿಗೆಯನ್ನು ಮೀರಬಾರದು. ಡ್ರಾಬಾರ್ ಹಿಂದಿನ ಆಕ್ಸಲ್‌ಗಿಂತ ಕೆಳಗಿರುವುದರಿಂದ ಎಳೆಯುವಾಗ ಮುಂಭಾಗ ಏಳುವ ಭಯ ಕಡಿಮೆ. ಅದನ್ನು ಬಿಟ್ಟು ಟಾಪ್ ಲಿಂಕಿಗೆ, ಅಂದರೆ ಹಿಂದೆ ಉಪಕರಣ ಹಿಡಿಯುವ ಮೇಲಿನ ತೋಳಿಗೆ, ಸರಪಳಿ ಬಿಗಿದು ಎಳೆಯುವವರೂ ಇದ್ದಾರೆ. ಟ್ರಾಕ್ಟರ್ ಹಿಂದಕ್ಕೆ ಮಗುಚುವುದು ಹಾಗೆಯೇ.

ಖರ್ಚಿನ ಮಾತು ಚಿಕ್ಕದು: ಡ್ರಾಬಾರ್ ಹೇಗೂ ಟ್ರಾಕ್ಟರಿನ ಜೊತೆಗೇ ಇರುತ್ತದೆ. ತಿರುಪಿನಿಂದ ಬಿಗಿಯುವ ಹಿಚ್‌ಗೆ ಬಕೆಟ್ಟನ್ನು ಕೊರೆಯಬೇಕಿಲ್ಲ, ಆದರೆ ಅದು ಸಡಿಲವಾಗುತ್ತದೆ, ತೆಳು ಅಂಚನ್ನು ಬಾಗಿಸುತ್ತದೆ. ಬೆಸುಗೆ ಹಾಕಿದ್ದು ಗಟ್ಟಿ, ಮಣ್ಣು ತೋಡುವಾಗ ಅಡ್ಡಿ.

ಖಾಲಿ ಟ್ರೈಲರ್, ಸಮತಟ್ಟು ಅಂಗಳ, ದಿನಕ್ಕೆ ಹತ್ತು ಸಲ ಜಾಗ ಬದಲು ಎಂದಾದರೆ ಬಕೆಟ್ ಹಿಚ್ ಕೊಳ್ಳಿ. ಮಣ್ಣು ತುಂಬಿಕೊಂಡು ಸೋಲಾಪುರ ರಸ್ತೆಗೋ ದಿವೆ ಘಾಟಿಗೋ ಹೊರಟರೆ ಡ್ರಾಬಾರ್ ಬಿಟ್ಟು ಬೇರೆ ಮಾತಿಲ್ಲ. ಯಾವುದಾದರೂ ಸರಿ, ಕಳಚುವ ಮುನ್ನ ಟ್ರೈಲರಿನ ಚಕ್ರಕ್ಕೆ ಕಲ್ಲು ಒಡ್ಡಿ.